ಕಾಣದ ಚುಕ್ಕಿ: ಹರೆಯದ ಮಕ್ಕಳ ದೃಷ್ಟಿದೋಷ ಮತ್ತು ಓದು

ಗದಗ ಸಮೀಪದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ಕಾಲಕ್ಕೆ ಒಂಬತ್ತನೇ ತರಗತಿಯ ಹುಡುಗನೊಬ್ಬನ ನೋಟುಬುಕ್ಕು ನನ್ನನ್ನು ಬಹಳ ದಿನ ಗೊಂದಲದಲ್ಲಿ ಇಟ್ಟಿತ್ತು. ಪಠ್ಯಪುಸ್ತಕ ನೋಡಿ ಮಾಡಿದ ಮನೆಗೆಲಸದಲ್ಲಿ ಅವನ ಲೆಕ್ಕಗಳು ಬಹುಪಾಲು ಸರಿಯಾಗಿರುತ್ತಿದ್ದವು. ನಾನು ಬಾಯಿಂದ ಹೇಳಿ ಬರೆಸಿದ ಪ್ರಮೇಯಗಳಲ್ಲಿ ಕಾಗುಣಿತದ ತಪ್ಪು ಕೂಡ ಸಿಗುತ್ತಿರಲಿಲ್ಲ. ಹಲಗೆಯ ಮೇಲೆ ಬರೆದುಕೊಟ್ಟ ಲೆಕ್ಕಗಳು ಮಾತ್ರ ಅವನ ಪುಟಕ್ಕೆ ಇಳಿಯುವಷ್ಟರಲ್ಲಿ ಬೇರೆಯೇ ಆಗಿರುತ್ತಿದ್ದವು. 3.08 ಎಂಬುದು 308 ಆಗಿರುತ್ತಿತ್ತು, ಎಕ್ಸ್‌ನ ತಲೆಯ ಮೇಲಿನ ಚಿಕ್ಕ 2 ಮಾಯವಾಗಿರುತ್ತಿತ್ತು, ಋಣ ಚಿಹ್ನೆ ಇರಬೇಕಾದಲ್ಲಿ ಖಾಲಿ ಜಾಗವಿರುತ್ತಿತ್ತು. ತಪ್ಪಾಗಿ ಇಳಿಸಿಕೊಂಡ ಆ ಲೆಕ್ಕವನ್ನು ಆತ ಮುಂದೆ ಸರಿಯಾದ ಕ್ರಮದಲ್ಲೇ ಬಿಡಿಸಿರುತ್ತಿದ್ದ ಎಂಬುದನ್ನು ಆಗ ನಾನು ಗಮನಿಸಲಿಲ್ಲ. ಕೆಂಪು ಶಾಯಿಯಲ್ಲಿ ‘ಲಕ್ಷ್ಯವಿಲ್ಲ’ ಎಂದು ಬರೆದು, ಸಹಿ ಹಾಕಿ, ಮುಂದಿನ ಪುಸ್ತಕ ಎತ್ತಿಕೊಳ್ಳುತ್ತಿದ್ದೆ.

ನಿಜ ಗೊತ್ತಾದದ್ದು ತರಗತಿಯಲ್ಲಿ ಅಲ್ಲ, ಬಸ್ ನಿಲ್ದಾಣದಲ್ಲಿ. ಬರುತ್ತಿದ್ದ ಬಸ್ಸು ಮುಂಡರಗಿಯದೋ ಲಕ್ಷ್ಮೇಶ್ವರದ್ದೋ ಎಂದು ಆತ ಪಕ್ಕದಲ್ಲಿದ್ದ ಅಜ್ಜಿಯೊಬ್ಬಳನ್ನು ಕೇಳುತ್ತಿದ್ದ. ಓದಲು ಬಾರದ ಆ ಅಜ್ಜಿ ನನ್ನ ಕಡೆಗೆ ತಿರುಗಿದಳು. ಬೋರ್ಡಿನ ಅಕ್ಷರಗಳು ನನಗೆ ಢಾಳಾಗಿ ಕಾಣುತ್ತಿದ್ದವು. ಮುಂದೆ ಕಣ್ಣು ಪರೀಕ್ಷೆ ಮಾಡಿಸಿದಾಗ ಬಲಗಣ್ಣಿಗೆ ಮೈನಸ್ 2.25, ಎಡಗಣ್ಣಿಗೆ ಮೈನಸ್ 2.5 ನಂಬರು ಬಂತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವನ ಉತ್ತರ ಇಷ್ಟೇ: “ಎಲ್ಲಾರಿಗೂ ಹಿಂಗ ಕಾಣತೈತಿ ಅನ್ಕೊಂಡಿದ್ನಿರಿ ಸರ.”

ಪತ್ತೆಯಾಗದ ದೃಷ್ಟಿದೋಷದ ಇಡೀ ಸಮಸ್ಯೆ ಆ ಒಂದು ಮಾತಿನಲ್ಲಿ ಇದೆ ಎಂದು ನನಗೆ ಅನ್ನಿಸುತ್ತದೆ. ಹಲ್ಲು ನೋಯುವ ಮಗು ಅಳುತ್ತದೆ, ಜ್ವರ ಬಂದ ಮಗು ಮಲಗುತ್ತದೆ. ಆದರೆ ದೃಷ್ಟಿ ಮಂದವಾದ ಮಗುವಿಗೆ ನೋವಿಲ್ಲ, ಹೋಲಿಸಿ ನೋಡಲು ಬೇರೆಯವರ ಕಣ್ಣೂ ಇಲ್ಲ. ದೃಷ್ಟಿ ಒಂದೇ ರಾತ್ರಿಯಲ್ಲಿ ಹೋಗುವುದೂ ಇಲ್ಲ. ಎರಡು ಮೂರು ವರ್ಷಗಳಲ್ಲಿ ಎಳ್ಳಷ್ಟೆಳ್ಳಷ್ಟೇ ಮಸುಕಾಗುವುದರಿಂದ ನಿನ್ನೆಗೂ ಇವತ್ತಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ದೂರು ಬರುವುದಿಲ್ಲ. ದೂರಿನ ಬದಲಿಗೆ ಬರುವುದು ಕಡಿಮೆ ಅಂಕ, ತಲೆನೋವು, ಪಕ್ಕದವನ ಪುಸ್ತಕದಲ್ಲಿ ಇಣುಕುವ ಚಾಳಿ, ಪಾಠದ ನಡುವೆ ಗುಸುಗುಸು ಮಾತು. ಇವುಗಳಲ್ಲಿ ಯಾವುದನ್ನೂ ನಾವು ಕಣ್ಣಿಗೆ ಜೋಡಿಸಿ ನೋಡುವುದಿಲ್ಲ.

ಹರೆಯದಲ್ಲೇ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಕಾರಣ ಬೆಳವಣಿಗೆ. ಹುಟ್ಟಿದ ಕೂಸಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದವಿರುತ್ತದೆ. ದೊಡ್ಡವರಲ್ಲಿ ಅದು 23–24 ಮಿಲಿಮೀಟರ್. ಕಣ್ಣಿನ ಒಳಗೆ ಬಂದ ಬೆಳಕು ಹಿಂಭಾಗದ ಅಕ್ಷಿಪಟಲದ ಮೇಲೆ, ಅಂದರೆ ವೈದ್ಯರು ರೆಟಿನಾ ಎನ್ನುವ ಪರದೆಯ ಮೇಲೆ, ಸರಿಯಾಗಿ ಕೂಡಬೇಕು. ಗುಡ್ಡೆ ಬೇಕಾದದ್ದಕ್ಕಿಂತ ಉದ್ದ ಬೆಳೆದರೆ ಬೆಳಕು ಪರದೆಗಿಂತ ಮುಂದೆಯೇ ಕೂಡಿ, ಪರದೆಯನ್ನು ತಲುಪುವಷ್ಟರಲ್ಲಿ ಮತ್ತೆ ಚದುರಿರುತ್ತದೆ. ಇದೇ ಸಮೀಪದೃಷ್ಟಿ, ಜನರ ಮಾತಿನಲ್ಲಿ ‘ಮೈನಸ್ ನಂಬರು’. ಕೇವಲ ಒಂದು ಮಿಲಿಮೀಟರ್ ಹೆಚ್ಚಿನ ಉದ್ದಕ್ಕೆ ಸುಮಾರು ಎರಡೂವರೆ ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ನಂಬರು ಏರುತ್ತದೆ. ಎಂಟರಿಂದ ಹದಿನಾರರ ವಯಸ್ಸಿನಲ್ಲಿ, ಮಗು ಅಂಗಿಯ ಅಳತೆ ಮೀರಿ ಬೆಳೆಯುತ್ತಿರುವಾಗಲೇ, ಈ ನಂಬರೂ ಏರುವುದು ಸಾಮಾನ್ಯ.

ಆ ನಂಬರಿನ ಅರ್ಥ ಬಹಳ ಸರಳವಾದದ್ದು. ಒಂದನ್ನು ನಂಬರಿನಿಂದ ಭಾಗಿಸಿದರೆ ಸ್ಪಷ್ಟವಾಗಿ ಕಾಣುವ ಗರಿಷ್ಠ ದೂರ ಮೀಟರ್‌ನಲ್ಲಿ ಸಿಗುತ್ತದೆ. ಮೈನಸ್ 1 ಇದ್ದವರಿಗೆ ಒಂದು ಮೀಟರಿನವರೆಗೆ, ಮೈನಸ್ 2.5 ಇದ್ದವರಿಗೆ 40 ಸೆಂಟಿಮೀಟರಿನವರೆಗೆ ಎಲ್ಲವೂ ನಿಚ್ಚಳ. ನನ್ನ ವಿದ್ಯಾರ್ಥಿ ಮೊಬೈಲು, ಪುಸ್ತಕ, ಸೂಜಿಯ ಕಣ್ಣು ಎಲ್ಲವನ್ನೂ ಚೆನ್ನಾಗಿಯೇ ನೋಡುತ್ತಿದ್ದ. “ಸೂಜಿಗೆ ದಾರ ಪೋಣಿಸಿ ಕೊಡ್ತಾನ್ರೀ, ಅವನ ಕಣ್ಣಿಗೇನಾಗೈತಿ” ಎಂದು ಅವನ ತಾಯಿ ವಾದಿಸಿದ್ದು ಈ ಲೆಕ್ಕದ ಪ್ರಕಾರ ಸುಳ್ಳಲ್ಲ. ಆದರೆ ಹಲಗೆ ಇರುವುದು 40 ಸೆಂಟಿಮೀಟರ್ ದೂರದಲ್ಲಿ ಅಲ್ಲ.

ಹಲಗೆಯ ವಿಷಯಕ್ಕೆ ಬಂದಾಗ ಇನ್ನೊಂದು ಲೆಕ್ಕ ಮಾಡಬೇಕಾಗುತ್ತದೆ. ಕಣ್ಣಿನ ಆಸ್ಪತ್ರೆಯ ಗೋಡೆಯ ಮೇಲಿರುವ ಅಕ್ಷರಗಳ ಪಟ್ಟಿಯನ್ನು 1862ರಲ್ಲಿ ರೂಪಿಸಿದವರು ನೆದರ್ಲೆಂಡ್ಸಿನ ವೈದ್ಯ ಹರ್ಮನ್ ಸ್ನೆಲೆನ್. ಆರು ಮೀಟರ್ ದೂರದಿಂದ ಸಹಜ ಕಣ್ಣು ಓದಬಲ್ಲ ಸಾಲಿನ ಅಕ್ಷರದ ಎತ್ತರ ಸುಮಾರು 9 ಮಿಲಿಮೀಟರ್. ಅದನ್ನು ಓದಿದರೆ ದೃಷ್ಟಿ 6/6. ಅದರ ಮೂರು ಪಟ್ಟು ದೊಡ್ಡದಾದ, ಹತ್ತಿರ ಹತ್ತಿರ ಒಂದು ಇಂಚಿನ ಅಕ್ಷರ ಮಾತ್ರ ಕಂಡರೆ 6/18. ನಮ್ಮಲ್ಲಿ ಬಹಳಷ್ಟು ಶಿಕ್ಷಕರು ಹಲಗೆಯ ಮೇಲೆ ಬರೆಯುವುದು ಸರಿಸುಮಾರು ಒಂದು ಇಂಚಿನ ಅಕ್ಷರವನ್ನೇ. ಅಂದರೆ ಆರು ಮೀಟರ್ ಹಿಂದಿನ ಬೆಂಚಿನಲ್ಲಿ ಕುಳಿತು ಅದನ್ನು ಕಷ್ಟಪಟ್ಟಾದರೂ ಓದಲು 6/18 ದೃಷ್ಟಿ ಬೇಕು, ನಿರಾಯಾಸವಾಗಿ ಓದಲು ಅದಕ್ಕಿಂತ ಬಹಳ ಚೆನ್ನಾಗಿರಬೇಕು. ಕನ್ನಡಕವಿಲ್ಲದ ಮೈನಸ್ 2.5 ಕಣ್ಣಿನ ದೃಷ್ಟಿ 6/60ರ, ಅಂದರೆ 6/6ರ ಅಕ್ಷರಕ್ಕಿಂತ ಹತ್ತು ಪಟ್ಟು ದೊಡ್ಡದು ಮಾತ್ರ ಕಾಣುವ ಮಟ್ಟದ, ಆಸುಪಾಸಿನಲ್ಲಿರುತ್ತದೆ. ಇಂಥ ಮಗುವನ್ನು ಮುಂದಿನ ಬೆಂಚಿಗೆ ಕೂಡ್ರಿಸಿದರೆ ಸಾಕು ಎಂಬ ನಂಬಿಕೆ ಶಾಲೆಗಳಲ್ಲಿ ಗಟ್ಟಿಯಾಗಿದೆ. ಲೆಕ್ಕ ಹಾಕಿ ನೋಡಿ: ಎರಡು ಮೀಟರ್ ದೂರದ ಮೊದಲ ಬೆಂಚಿನಿಂದಲೂ 6/60 ದೃಷ್ಟಿಗೆ ಕಾಣುವ ಅತಿ ಚಿಕ್ಕ ಅಕ್ಷರ 29 ಮಿಲಿಮೀಟರಿನದು. ಒಂದು ಇಂಚಿನ ಅಕ್ಷರ ಅಲ್ಲಿಂದಲೂ ಊಹೆಯ ಮೇಲೆಯೇ ಓದಬೇಕಾದದ್ದು.

ಅದರಲ್ಲೂ ನಮ್ಮ ಲಿಪಿಯ ಸ್ವಭಾವವೇ ಬೇರೆ. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’, ‘ಡ’ ಮತ್ತು ‘ಢ’ ಇವುಗಳ ನಡುವಿನ ವ್ಯತ್ಯಾಸ ಅಕ್ಷರದ ಬುಡದಲ್ಲಿನ ನಾಲ್ಕೈದು ಮಿಲಿಮೀಟರಿನ ಒಂದು ಗೆರೆ. ‘ಪ’ಕಾರದ ಹೊಟ್ಟೆಯೊಳಗೊಂದು ಗೆರೆ ಸೇರಿದರೆ ‘ಷ’. ಒತ್ತಕ್ಷರಗಳು ಮೂಲಾಕ್ಷರದ ಅರ್ಧದಷ್ಟೂ ಇರುವುದಿಲ್ಲ. ಮಸುಕಾದ ಕಣ್ಣು ಅಕ್ಷರದ ದುಂಡನ್ನು ಹಿಡಿಯುತ್ತದೆ, ಗೆರೆಯನ್ನು ಬಿಡುತ್ತದೆ. ಹಾಗೆ ಬಿಟ್ಟದ್ದನ್ನು ಕನ್ನಡದ ಶಿಕ್ಷಕರು ಅಲ್ಪಪ್ರಾಣ–ಮಹಾಪ್ರಾಣದ ತಪ್ಪು ಎಂದು ತಿದ್ದುತ್ತಾರೆ, ಉಚ್ಚಾರ ಸರಿಯಿಲ್ಲ ಎಂದು ಬೈಯುತ್ತಾರೆ. ಕನ್ನಡದಲ್ಲಿ ವಾಕ್ಯದ ಅರ್ಥ ಹಿಡಿದು ಹೇಗೋ ಊಹಿಸಿ ಬರೆಯಬಹುದು. ಗಣಿತದಲ್ಲಿ ಆ ಅನುಕೂಲವಿಲ್ಲ, ಏಕೆಂದರೆ 3ರ ನಂತರ ಚುಕ್ಕಿ ಇದೆಯೋ ಇಲ್ಲವೋ ಎಂಬುದನ್ನು ಅರ್ಥದಿಂದ ತಿಳಿಯಲು ಆಗುವುದಿಲ್ಲ. ಪ್ರೌಢಶಾಲೆಗೆ ಬಂದ ಮೇಲೆ ಗಣಿತ ಮತ್ತು ವಿಜ್ಞಾನದಲ್ಲಿ ಮಾತ್ರ ಅಂಕ ಕುಸಿದ ಮಗುವನ್ನು ಟ್ಯೂಷನ್ನಿಗೆ ಕಳಿಸುವ ಮೊದಲು ಅದರ ನೋಟುಬುಕ್ಕಿನಲ್ಲಿ ಹಲಗೆಯಿಂದ ಇಳಿಸಿಕೊಂಡ ಪುಟ, ಕೇಳಿ ಬರೆದ ಪುಟ, ಪುಸ್ತಕ ನೋಡಿ ಬರೆದ ಪುಟ ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ನಾನು ಕಲಿತದ್ದು ತಡವಾಗಿ, ಆದರೆ ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಗೊತ್ತಿಲ್ಲ.

ದೂರದ ಅಕ್ಷರ ಚೆನ್ನಾಗಿ ಓದುವ ಮಗುವಿಗೆ ಕಣ್ಣಿನ ತೊಂದರೆಯೇ ಇಲ್ಲ ಎಂದೂ ಅಲ್ಲ. ದೂರದೃಷ್ಟಿ, ಅಂದರೆ ‘ಪ್ಲಸ್ ನಂಬರು’, ಹರೆಯದಲ್ಲಿ ಹೆಚ್ಚು ಮೋಸ ಮಾಡುತ್ತದೆ. ಇಲ್ಲಿ ಗುಡ್ಡೆ ಗಿಡ್ಡ. ಬೆಳಕು ಪರದೆಯ ಹಿಂದೆ ಕೂಡುತ್ತದೆ. ಆದರೆ ಎಳೆಯ ಕಣ್ಣಿನ ಮಸೂರ ಮೆತ್ತಗಿರುವುದರಿಂದ ಒಳಗಿನ ಸ್ನಾಯು ಅದನ್ನು ಉಬ್ಬಿಸಿ ಕೊರತೆಯನ್ನು ತುಂಬಿಬಿಡುತ್ತದೆ. ಹದಿನಾಲ್ಕರ ಮಗು ಹೀಗೆ ಹತ್ತಕ್ಕೂ ಹೆಚ್ಚು ಡಯಾಪ್ಟರ್ ಶಕ್ತಿಯನ್ನು ಹೊಂದಿಸಬಲ್ಲದು. ಸಹಜ ಕಣ್ಣು ಒಂದಡಿ ದೂರದ ಪುಸ್ತಕ ಓದಲು ಸುಮಾರು 3 ಡಯಾಪ್ಟರ್ ದುಡಿದರೆ, ಪ್ಲಸ್ 3 ಇರುವ ಕಣ್ಣು 6 ಡಯಾಪ್ಟರ್ ದುಡಿಯುತ್ತದೆ. ಹೊತ್ತಿಡೀ ದುಪ್ಪಟ್ಟು ಕೂಲಿ. ಶಾಲೆಯ ತಪಾಸಣೆಯಲ್ಲಿ ಇಂಥ ಮಗು 6/6 ಓದಿ ಪಾಸಾಗುತ್ತದೆ. ಸಂಜೆ ಪುಸ್ತಕ ಹಿಡಿದು ಅರ್ಧ ತಾಸಿಗೆ ಹಣೆ ಸಿಡಿಯುತ್ತದೆ, ಸಾಲು ಕದಡುತ್ತವೆ, ಪುಸ್ತಕ ಮುಚ್ಚುತ್ತದೆ. ಎರಡೂ ಕಣ್ಣು ಒಳಮುಖವಾಗಿ ಒಂದೇ ಅಕ್ಷರದ ಮೇಲೆ ಕೂಡಲು ಕಷ್ಟಪಡುವ ಇನ್ನೊಂದು ತೊಂದರೆಯಲ್ಲೂ ಹೀಗೆಯೇ ಆಗುತ್ತದೆ. ಅಲ್ಲಿ ಒಂದೊಂದು ಕಣ್ಣನ್ನು ಬೇರೆಯಾಗಿ ಪರೀಕ್ಷಿಸಿದರೆ ದೋಷವೇ ಸಿಗದು.

ನಮ್ಮ ಮನೆಗಳಲ್ಲಿ ಸಂಜೆಯ ಈ ತಲೆನೋವಿಗೆ ಉಪಚಾರ ಸಿದ್ಧವಾಗಿಯೇ ಇರುತ್ತದೆ. ಉಪ್ಪು, ಒಣಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆಯುತ್ತಾರೆ. ರೋಗದ ಹೆಸರು ಸರಿಯಾಗಿಯೇ ಇದೆ. ದೃಷ್ಟಿ ಯಾರದು ಎಂಬುದರಲ್ಲಿ ಮಾತ್ರ ಲೆಕ್ಕ ತಪ್ಪಿದೆ.

ಓದಿಗಿಂತ ಹೆಚ್ಚಾಗಿ ನನ್ನನ್ನು ಚಿಂತೆಗೆ ಹಚ್ಚುವುದು ಮಗುವಿನ ಮನಸ್ಸು. ಹನ್ನೆರಡರಿಂದ ಹದಿನೇಳರ ವಯಸ್ಸಿನಲ್ಲಿ ತಾನು ಎಂಥವನು ಎಂಬುದನ್ನು ಮಗು ಬೇರೆಯವರ ಮಾತಿನಿಂದಲೇ ಕಟ್ಟಿಕೊಳ್ಳುತ್ತದೆ. ಎರಡು ವರ್ಷ ‘ಲಕ್ಷ್ಯವಿಲ್ಲ’, ‘ಮೈಗಳ್ಳ’, ‘ದಡ್ಡ’ ಎಂದು ಕೇಳಿದ ಹುಡುಗ ಅದನ್ನು ನಂಬುತ್ತಾನೆ. ನಂಬಿದ ಮೇಲೆ ಹಾಗೆಯೇ ನಡೆಯುತ್ತಾನೆ. ಚೆಂಡು ಕೈಗೆ ಬರುವವರೆಗೂ ಕಾಣದವನನ್ನು ಕ್ರಿಕೆಟ್ಟಿಗೆ ಯಾರೂ ಕರೆಯುವುದಿಲ್ಲ. ಓಣಿಯಲ್ಲಿ ಎದುರು ಬಂದವರ ಮುಖದ ನಗು ಕಾಣದೆ ಮುಂದೆ ಹೋದ ಹುಡುಗಿಗೆ “ಭಾಳ ಸೊಕ್ಕು ಬಂದೈತಿ, ಮಾತಾಡಸೂದಿಲ್ಲ” ಎಂಬ ಹೆಸರು ಬರುತ್ತದೆ. ಹತ್ತಿರದ ಗೆಳತಿಯರು ದೂರದಿಂದ ಕೈ ಮಾಡಿ, ಉತ್ತರ ಬಾರದೆ, ಮುನಿಸಿಕೊಳ್ಳುತ್ತಾರೆ. ಕಾರಣ ಅವಳಿಗೂ ಗೊತ್ತಿಲ್ಲ. ದೃಷ್ಟಿದೋಷವಿರುವ ಮಕ್ಕಳಲ್ಲಿ ಖಿನ್ನತೆ ಮತ್ತು ಆತಂಕದ ಲಕ್ಷಣಗಳು ಉಳಿದ ಮಕ್ಕಳಿಗಿಂತ ಹೆಚ್ಚು ಎಂಬುದನ್ನು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತೋರಿಸಿತು. ಹಳ್ಳಿಯಿಂದ ಧಾರವಾಡದ ಹಾಸ್ಟೆಲ್ಲಿಗೆ ಬಂದ ಮಕ್ಕಳಲ್ಲಿ ಇದು ಇನ್ನೂ ಆಳಕ್ಕೆ ಇಳಿಯುತ್ತದೆ. ಟಿವಿಯ ಹತ್ತಿರ ಹೋಗಿ ಕೂಡುವುದನ್ನು, ಕಣ್ಣು ಕಿರಿದು ಮಾಡಿ ನೋಡುವುದನ್ನು ಗಮನಿಸುವ ತಾಯಿ ಅಲ್ಲಿ ಇರುವುದಿಲ್ಲ.

ಕನ್ನಡಕ ಕೊಟ್ಟರೆ ಅಂಕ ಏರುತ್ತವೆಯೇ ಎಂಬುದನ್ನು ಊಹೆಗೆ ಬಿಡದೆ ಪರೀಕ್ಷಿಸಿದವರಿದ್ದಾರೆ. ಚೀನಾದ ಹಿಂದುಳಿದ ಗನ್ಸು ಮತ್ತು ಶಾನ್ಶಿ ಪ್ರಾಂತಗಳ 250ಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಲ್ಲಿ ನಾಲ್ಕು–ಐದನೇ ತರಗತಿಯ ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು: ಉಚಿತ ಕನ್ನಡಕ ಪಡೆದ ಶಾಲೆಗಳ ಮಕ್ಕಳ ಗಣಿತದ ಅಂಕ ಅದೇ ಶೈಕ್ಷಣಿಕ ವರ್ಷದಲ್ಲಿ ಏರಿತು. ಏರಿಕೆ ದೊಡ್ಡದಲ್ಲ, ಆದರೆ ಸ್ಪಷ್ಟವಾಗಿತ್ತು. ಅದೂ ಕನ್ನಡಕ ಕೈಗೆ ಸಿಕ್ಕ ಮಕ್ಕಳಲ್ಲಿ ಬಹಳಷ್ಟು ಜನ ಅದನ್ನು ಹಾಕಿಕೊಳ್ಳದೇ ಇದ್ದಾಗ.

ಹಾಕಿಕೊಳ್ಳದಿರುವುದು ನಮಗೂ ಹೊಸತಲ್ಲ. ಉತ್ತರ ಕರ್ನಾಟಕದಲ್ಲಿ ಕನ್ನಡಕಕ್ಕೆ ‘ಚಸಮಾ’ ಎನ್ನುವಂತೆಯೇ ‘ಚಾಳೀಸು’ ಎಂದೂ ಹೇಳುತ್ತಾರೆ. ಚಾಳೀಸು ಎಂದರೆ ನಲವತ್ತು. ನಲವತ್ತು ದಾಟಿದವರಿಗೆ ಓದಲು ಬೇಕಾಗುವ ವಸ್ತು ಎಂಬುದು ಆ ಹೆಸರಿನಲ್ಲೇ ಇದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ (1916–2005) ಊರೂರಿಗೆ ಹೋಗಿ ನೇತ್ರ ಶಿಬಿರ ನಡೆಸಿ ಅಸಂಖ್ಯ ಜನರ ಪೊರೆ ತೆಗೆದರು. ಆ ಶಿಬಿರಗಳ ನೆನಪಿನಲ್ಲೂ ನಮ್ಮ ಕಣ್ಣ ಮುಂದೆ ಬರುವುದು ಹಸಿರು ಪಟ್ಟಿ ಕಟ್ಟಿಕೊಂಡ ಮುದುಕರೇ. ಇತ್ತ ಗದಗಿನವರಿಗೆ ಪೂರ್ಣ ಅಂಧತ್ವದ ಬಗ್ಗೆ ದೊಡ್ಡ ಗೌರವವಿದೆ. ಹಾನಗಲ್ ತಾಲ್ಲೂಕಿನಲ್ಲಿ ಹುಟ್ಟಿ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಪುಟ್ಟರಾಜ ಗವಾಯಿಗಳು (1914–2010) ಅದನ್ನು ಕಲಿಸಿಹೋಗಿದ್ದಾರೆ. ಮುಪ್ಪಿನ ಪೊರೆ ನಮಗೆ ಗೊತ್ತು, ಅಂಧತ್ವ ಗೊತ್ತು. ಇವೆರಡರ ನಡುವೆ, ನಡೆದಾಡಲು ಸಾಕಾಗಿ ಓದಲು ಸಾಲದ ಕಣ್ಣಿಗೆ ನಮ್ಮ ಮನೆಮಾತಿನಲ್ಲಿ ಸರಿಯಾದ ಹೆಸರೂ ಇದ್ದಂತಿಲ್ಲ. ಹಾಗಾಗಿಯೇ ಹದಿಮೂರರ ಹುಡುಗಿಗೆ ನಂಬರು ಬಂತೆಂದರೆ ಅಜ್ಜಿ ಗಾಬರಿಯಾಗುತ್ತಾಳೆ, ತಂದೆ ಮದುವೆಯ ಮಾತು ಎತ್ತುತ್ತಾನೆ, ತರಗತಿಯಲ್ಲಿ ‘ಸೋಡಾಬುಡ್ಡಿ’ ಎಂಬ ಹೆಸರು ಅಂಟುತ್ತದೆ, ಕನ್ನಡಕ ಪಾಟಿಚೀಲದ ತಳ ಸೇರುತ್ತದೆ.

ಕನ್ನಡಕ ಹಾಕಿದರೆ ನಂಬರು ಏರುತ್ತದೆ ಎಂಬ ನಂಬಿಕೆ ಇವೆಲ್ಲಕ್ಕಿಂತ ಹಟಮಾರಿಯಾದದ್ದು. ಏರುವುದು ಕನ್ನಡಕದಿಂದಲ್ಲ, ಗುಡ್ಡೆ ಬೆಳೆಯುತ್ತಿರುವುದರಿಂದ. ಬೇಕಾದದ್ದಕ್ಕಿಂತ ಕಡಿಮೆ ನಂಬರಿನ ಕನ್ನಡಕ ಕೊಟ್ಟರೆ ಏರಿಕೆ ನಿಧಾನವಾಗಬಹುದೇ ಎಂದು ಮಲೇಷ್ಯಾದಲ್ಲಿ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ನಂಬರು ಹಾಕಿದ ಮಕ್ಕಳಲ್ಲೇ ನಂಬರು ಹೆಚ್ಚು ಏರಿತ್ತು. ಗಜ್ಜರಿ, ಸೊಪ್ಪು ತಿನ್ನುವುದು ಒಳ್ಳೆಯದೇ. ಆದರೆ ಉದ್ದವಾದ ಗುಡ್ಡೆಯನ್ನು ಅವು ಗಿಡ್ಡ ಮಾಡಲಾರವು. ಸಮೀಪದೃಷ್ಟಿ ಶುರುವಾಗುವುದನ್ನೇ ತಡೆಯಲು ನೆರವಾಗುವುದು ಬಯಲಿನ ಬೆಳಕು. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚು ಹೊರಾಂಗಣ ಚಟುವಟಿಕೆ ಕೊಟ್ಟಾಗ ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ಬಂದವರು ಶೇ. 30ರಷ್ಟು, ಕೊಡದ ಶಾಲೆಗಳಲ್ಲಿ ಶೇ. 40ರಷ್ಟು ಇದ್ದರು. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕಸಿದುಕೊಳ್ಳುವ ನನ್ನಂಥ ಶಿಕ್ಷಕರು ಈ ಅಂಕಿ ನೋಡಬೇಕು.

ಕನ್ನಡಕದಿಂದ ತೀರದ ತೊಂದರೆಗಳು ಕಡಿಮೆ, ಆದರೆ ಹರೆಯದಲ್ಲೇ ತಲೆ ಎತ್ತುವಂಥವು. ಬ್ಯಾಡಗಿ ಕಡೆಯ ಮನೆಗಳಲ್ಲಿ ಮಗು ಕಣ್ಣು ಉಜ್ಜಿದರೆ ಮೆಣಸಿನಕಾಯಿ ಘಾಟು ಎಂದು ಬಿಟ್ಟುಬಿಡುವುದು ಸಹಜ. ವರ್ಷವಿಡೀ ಉಜ್ಜುತ್ತಿದ್ದರೆ ಅದು ಅಲರ್ಜಿ ಇರಬಹುದು. ಸತತ ಉಜ್ಜುವಿಕೆಗೂ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ ತೆಳುವಾಗಿ ಶಂಕುವಿನಂತೆ ಮುಂದೆ ಬರುವ ಕೆರಟೋಕೋನಸ್ ಎಂಬ ರೋಗಕ್ಕೂ ನಂಟಿದೆ. ಸಿಲಿಂಡರ್ ನಂಬರು, ಅಂದರೆ ಆ ಪಟಲದ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದಿದ್ದಾಗ ಬರುವ ನಂಬರು, ಪದೇಪದೇ ಬದಲಾಗುವುದು ಅದರ ಸುಳಿವು. ಬೇಗ ಪತ್ತೆಯಾದರೆ ರೈಬೋಫ್ಲೇವಿನ್ (ವಿಟಮಿನ್ ಬಿ2) ಹನಿ ಮತ್ತು ನೇರಳಾತೀತ ಬೆಳಕಿನ ಚಿಕಿತ್ಸೆಯಿಂದ ಅದನ್ನು ಅಲ್ಲಿಗೇ ತಡೆಯಬಹುದು. ಕತ್ತಲಾದ ಮೇಲೆ ಎಡವುವ, ಸಂಜೆ ಹೊರಗೆ ಹೋಗಲು ಒಲ್ಲದ ಮಗುವಿನಲ್ಲಿ ವಿಟಮಿನ್ ಎ ಕೊರತೆಯ ಜೊತೆಗೆ ವಂಶವಾಹಿಯಿಂದ ಬರುವ ರೆಟಿನಾ ರೋಗವನ್ನೂ ಶಂಕಿಸಬೇಕು. ಸೋದರಮಾವ, ಸೋದರತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆ ನಡೆಯುವ ನಮ್ಮ ಭಾಗದಲ್ಲಿ ಇಂಥ ಕೆಲವು ರೋಗಗಳ ಸಾಧ್ಯತೆ ಹೆಚ್ಚು. ಇನ್ನು ಸ್ಟಾರ್ಗಾರ್ಟ್ ಎಂಬ ರೋಗದಲ್ಲಿ ನೋಟದ ನಡುಭಾಗವೇ ಮಸುಕಾಗುತ್ತದೆ, ಕನ್ನಡಕ ನೆರವಾಗುವುದಿಲ್ಲ, ಶುರುವಿನಲ್ಲಿ ರೆಟಿನಾ ನೋಡಲು ಸಹಜವಾಗಿಯೇ ಇರಬಹುದು. ಹೀಗಾಗಿ ಕಾಣುವುದಿಲ್ಲ ಎಂದು ನಿಜ ಹೇಳಿದ ಮಗು ನಾಟಕ ಮಾಡುತ್ತಿದೆ ಎನ್ನಿಸಿಕೊಳ್ಳುತ್ತದೆ. ಒಂದೇ ಕಣ್ಣು ದುರ್ಬಲವಾಗಿದ್ದರೆ ಇನ್ನೊಂದು ಅದರ ಕೆಲಸವನ್ನೂ ಮಾಡಿ ಮುಚ್ಚಿಹಾಕುತ್ತದೆ. ಇದಕ್ಕೆ ಚಿಕಿತ್ಸೆ ಏಳೆಂಟು ವರ್ಷದೊಳಗೆ ಆದರೆ ಚೆನ್ನ, ಆದರೂ ಹದಿಮೂರು ದಾಟಿದವರಲ್ಲಿ ಕೆಲವರಿಗೆ ಸುಧಾರಣೆ ಕಂಡದ್ದಿದೆ.

ಒಂದೊಂದೇ ಕಣ್ಣು ಮುಚ್ಚಿ ನೋಡಿಸಬೇಕೆನ್ನುವುದು ಇದೇ ಕಾರಣಕ್ಕೆ. ಮನೆಯಲ್ಲಿ ಮಗುವಿಗೆ ಅಂಗೈಯಿಂದ, ಒತ್ತದೆ, ಒಂದು ಕಣ್ಣು ಮುಚ್ಚಿಸಿ ಎದುರು ಗೋಡೆಯ ಕ್ಯಾಲೆಂಡರಿನ ತಿಥಿ ಓದಿಸಿರಿ. ಮತ್ತೆ ಇನ್ನೊಂದು ಕಣ್ಣು. ನೀವೂ ಅಲ್ಲೇ ನಿಂತು ಓದಿರಿ. ಬೆರಳುಗಳಿಂದ ಮುಚ್ಚಿದರೆ ಸಂದಿಯಲ್ಲಿ ಇಣುಕುತ್ತಾರೆ. ಕಾಣದಿದ್ದಾಗ ದಪ್ಪ ಕಾಗದಕ್ಕೆ ಸೂಜಿಯಿಂದ ತೂತು ಮಾಡಿ ಅದರ ಮೂಲಕ ನೋಡಿಸಿ. ಸ್ಪಷ್ಟವಾದರೆ ಬಹುತೇಕ ಅದು ಕನ್ನಡಕದಿಂದ ಸರಿಹೋಗುವ ದೋಷ. ಮಕ್ಕಳು ಕಣ್ಣು ಕಿರಿದು ಮಾಡುವುದೂ ತಮಗೆ ಅರಿವಿಲ್ಲದೆ ಇದೇ ತೂತನ್ನು ಮಾಡಿಕೊಳ್ಳಲು.

ಭಾರತದ ಅಂಧತ್ವ ನಿಯಂತ್ರಣ ರಾಷ್ಟ್ರೀಯ ಕಾರ್ಯಕ್ರಮ 1976ರಷ್ಟು ಹಳೆಯದು. ಶಾಲಾ ಮಕ್ಕಳ ನೇತ್ರ ತಪಾಸಣೆ ಮತ್ತು ಉಚಿತ ಕನ್ನಡಕ ಅದರ ಭಾಗ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳೂ ಹದಿನೆಂಟರವರೆಗಿನ ಮಕ್ಕಳನ್ನು ನೋಡುತ್ತವೆ. ಉಚಿತ ಕಣ್ಣಿನ ತಪಾಸಣೆಗೆಂದು ರಾಜ್ಯ ತಂದ ಆಶಾಕಿರಣ ಯೋಜನೆಯ ಮೊದಲ ಹಂತದ ಜಿಲ್ಲೆಗಳಲ್ಲಿ ಹಾವೇರಿಯೂ ಇತ್ತು. ಆದರೂ ತಪಾಸಣೆಯ ದಿನ ಗೈರುಹಾಜರಾದವರು, ಸರದಿಯಲ್ಲಿ ನಿಂತು ಮುಂದಿನವರ ಬಾಯಿಂದ ಅಕ್ಷರಗಳನ್ನು ಕಂಠಪಾಠ ಮಾಡಿಕೊಂಡವರು, ಪ್ಲಸ್ ನಂಬರಿನವರು ಜಾರಿಹೋಗುತ್ತಾರೆ. ಅಂಥವರಿಗೆ ಜಿಲ್ಲಾ ಆಸ್ಪತ್ರೆ, ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಎನ್ನುತ್ತಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಈಗ ಕೆಎಂಸಿಆರ್‌ಐ), ಗದಗ ಮತ್ತು ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಗಳ ನೇತ್ರ ವಿಭಾಗಗಳಿವೆ. ಮೊದಲ ಸಲ ಕನ್ನಡಕ ಬರೆಸುವಾಗ ಅಂಗಡಿಯ ‘ಕಂಪ್ಯೂಟರ್ ಚೆಕಪ್’ ಒಂದನ್ನೇ ನಂಬಬಾರದು. ಮಗು ಯಂತ್ರದೊಳಗೆ ಇಣುಕುವಾಗ ಕಣ್ಣಿನ ಸ್ನಾಯು ಬಿಗಿಯಾಗಿ ಇಲ್ಲದ ಮೈನಸ್ ತೋರಿಸಬಹುದು, ಇರುವ ಪ್ಲಸ್ ಅಡಗಬಹುದು. ಹನಿ ಹಾಕಿ ಸ್ನಾಯುವನ್ನು ಸಡಿಲಗೊಳಿಸಿ ನೋಡಿದಾಗಲೇ ನಿಜವಾದ ನಂಬರು ಸಿಗುತ್ತದೆ. ಹನಿಯ ಪ್ರಭಾವ ಇಳಿಯುವವರೆಗೆ ಓದಲು ಬಾರದು, ಬಿಸಿಲು ಚುಚ್ಚುತ್ತದೆ. ಆದ್ದರಿಂದ ಪರೀಕ್ಷೆಯ ಹಿಂದಿನ ದಿನ ಹೋಗಬೇಡಿ.

ನಮ್ಮ ಹುಡುಗನಿಗೆ ಕನ್ನಡಕ ಬಂದ ಮೊದಲ ಎರಡು ಮೂರು ದಿನ ನೆಲ ಇಳಿಜಾರಾಗಿ ಕಂಡು ಮೆಟ್ಟಿಲ ಮೇಲೆ ತಡವರಿಸಿದ. ಬಳಿಕ ಒಂದು ಮಧ್ಯಾಹ್ನ ಶಾಲೆಯ ಬೇವಿನ ಗಿಡದ ಕೆಳಗೆ ಕತ್ತೆತ್ತಿ ನಿಂತಿದ್ದ; ಎಲೆಗಳು ಒಂದೊಂದಾಗಿ ಬೇರೆ ಬೇರೆ ಇರುತ್ತವೆ ಎಂಬುದನ್ನು ನೋಡುತ್ತಿದ್ದೇನೆ ಎಂದ. ಚುಕ್ಕಿಗಳೂ ಋಣ ಚಿಹ್ನೆಗಳೂ ಅವನ ಪುಟಕ್ಕೆ ಮರಳಿದವು. ಅಂಕ ಒಮ್ಮೆಲೇ ಏರಲಿಲ್ಲ, ಎರಡು ವರ್ಷದ ಬುನಾದಿಯೇ ಸಡಿಲವಾಗಿತ್ತು. ಏಳನೇ ತರಗತಿಯ ದಶಮಾಂಶದಿಂದ ಮತ್ತೆ ಹೇಳಿಕೊಡಬೇಕಾಯಿತು. ಹತ್ತನೇ ತರಗತಿಯ ದೀಪಾವಳಿ ಹೊತ್ತಿಗೆ ಹಲಗೆ ನೋಡುವಾಗ ಆತ ಕನ್ನಡಕದ ಹಿಂದೆಯೇ ಕಣ್ಣು ಕಿರಿದು ಮಾಡತೊಡಗಿದ್ದ. ಈ ಸಲ ನಾನು ಕೆಂಪು ಶಾಯಿ ತೆಗೆಯಲಿಲ್ಲ. ಅವನ ತಂದೆಗೆ ಫೋನ್ ಮಾಡಿದೆ. ನಂಬರು ಮುಕ್ಕಾಲು ಡಯಾಪ್ಟರ್ ಏರಿತ್ತು.